ಐದನೆಯ ಸಾಲಿಗೆ ಏಳುವ ಕೈ

ಜಂಬಮ್ಮನ ಹಿತ್ತಲಲ್ಲಿ ಎದೆಯೆತ್ತರದ ಒಂದು ಮಣ್ಣಿನ ವಾಡೆ ಇತ್ತು. ಅತ್ತೆಯ ಕಾಲಕ್ಕೆ ಅದರಲ್ಲಿ ಜೋಳ ತುಂಬಿಡುತ್ತಿದ್ದರು. ಒಂದು ಮಳೆಗಾಲ ಅದರ ತಳ ಬಿರುಕು ಬಿಟ್ಟಿತು. ಅತ್ತೆ ಅದನ್ನು ತಿಪ್ಪೆಗೆ ಹಾಕಲಿಲ್ಲ. ಉಳಿದ ತಳವನ್ನೂ ಒಡೆದು ತೆಗೆದು, ನೆಲದಲ್ಲಿ ಮೊಣಕಾಲಾಳದ ಗುಂಡಿ ತೋಡಿಸಿ, ಸುತ್ತ ಕಲ್ಲಿಟ್ಟು, ವಾಡೆಯನ್ನು ಅದರ ಮೇಲೆ ಕೂರಿಸಿ ಸಂದಿಗೆಲ್ಲ ಮಣ್ಣು ಮೆತ್ತಿದಳು. ಕೆಳಗೆ ಗುಂಡಿಯಲ್ಲಿ ಇದ್ದಿಲು, ಮೇಲೆ ವಾಡೆಯೊಳಗೆ ತಂಗಡಿ ಗಿಡದ ಕಡ್ಡಿಗಳಿಂದ ತೂಗುಬಿಟ್ಟ ಕುರಿಯ ಖಂಡ. ಅಂದಿನಿಂದ ಅದು ಖಂಡದ ವಾಡೆ ಆಯಿತು. ಅತ್ತೆ ತೀರಿಕೊಂಡ ಮೇಲೆ, ಇಪ್ಪತ್ತೆರಡು ವರ್ಷದಿಂದ, ಊರವರು ಅದನ್ನು ಜಂಬಮ್ಮನ ವಾಡೆ ಎನ್ನುತ್ತಿದ್ದರು.

ಆಸ್ಪರಿ ಸೀಮೆಯ ಆ ಹಳ್ಳಿಯಲ್ಲಿ ಮೂರು ಮನೆಯ ಕುರಿಗಳು ಕೂಡಿ ಒಂದೇ ಹಿಂಡಾಗಿ ವಲಸೆ ಹೊರಡುತ್ತಿದ್ದವು. ಸೀಗಿ ಹುಣ್ಣಿಮೆ ಕಳೆದ ಮೊದಲ ಸೋಮವಾರ ಭೀಮಲಿಂಗೇಶ್ವರನಿಗೆ ಕೈಮುಗಿದು ಹೊರಟರೆ, ತುಂಗಭದ್ರೆಯ ಹೊಸ ಕಾಲುವೆಯ ಕಡೆ, ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸುತ್ತ ಎರಡು ತಿಂಗಳು ಅಲ್ಲೇ ಕಳೆಯುತ್ತಿದ್ದರು. ಕಾಲುವೆಗೆ ನೀರು ಬಿಟ್ಟು ಅದು ಮೂರನೆಯ ವರ್ಷ. ಹೋಗುವವರು ಎಂಟು ಜನ. ಅವರ ಬುತ್ತಿಗೆಂದು ಮನೆಗೊಂದು ಟಗರು. ಹಿಂಗಾರಿನ ಮೋಡ ಮುಸುಕಿ ಬಿಸಿಲು ಬೀಳದ ದಿನಗಳಾದ್ದರಿಂದ ಖಂಡವನ್ನು ಹಗ್ಗಕ್ಕೆ ಹಾಕಿ ಒಣಗಿಸುವ ಹಾಗಿಲ್ಲ, ಹುಳ ಬೀಳುತ್ತದೆ. ಮೂರು ಟಗರಿನದನ್ನೂ, ದಿನಕ್ಕೊಂದರಂತೆ, ಜಂಬಮ್ಮನೇ ವಾಡೆಗೆ ಹಾಕಿ ಹೊಗೆ ಕುಡಿಸಿ ಕೊಡಬೇಕು.

ಅದರಲ್ಲಿ ಕಷ್ಟವೆಲ್ಲ ಬೆಂಕಿಯನ್ನು ಬೆಳಗಿನಿಂದ ಸಂಜೆಯ ತನಕ ಒಂದೇ ಸಮ ಸಣ್ಣದಾಗಿ ಇಟ್ಟುಕೊಳ್ಳುವುದರಲ್ಲಿ. ಕಾವು ಹೆಚ್ಚಾದರೆ ಖಂಡ ಮೇಲೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಕಡಿಮೆಯಾದರೆ ನೀರು ಆರದೆ ಮೂರನೆಯ ದಿನಕ್ಕೆ ನಾರುತ್ತದೆ. ಜಂಬಮ್ಮ ಜಾಲಿಯ ಇದ್ದಿಲನ್ನು ಗುಂಡಿಯ ಗೋಡೆಗುಂಟ ಕುದುರೆಲಾಳದ ಹಾಗೆ ಸಾಲಾಗಿ ಒಟ್ಟಿ, ಒಂದು ತುದಿಗೆ ಮಾತ್ರ ನಾಲ್ಕು ಕೆಂಡ ಇಡುತ್ತಿದ್ದಳು. ಬೆಂಕಿ ಒಂದು ಇದ್ದಿಲಿನಿಂದ ಮುಂದಿನದಕ್ಕೆ ಹರಿದು ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಸಂಜೆಯಾಗಬೇಕು. ಕೆಂಡಕ್ಕೂ ಖಂಡಕ್ಕೂ ನಡುವೆ ಅಗಲ ಬಾಯಿಯ ಮಡಕೆಯಲ್ಲಿ ನೀರು. ಹೊಗೆಗೆ ಸೇಂಗಾ ಹೊಟ್ಟು, ಹಿಡಿಹಿಡಿಯಾಗಿ. ಹತ್ತಿಕಟ್ಟಿಗೆ ಮುಟ್ಟುವಂತಿಲ್ಲ, ಭಗ್ಗನೆ ಉರಿಯುತ್ತದೆ. ಗುಂಡಿಯ ಪಕ್ಕಕ್ಕೆ ತೋಳು ಹಿಡಿಸುವಷ್ಟು ಗಾಳಿಕಂಡಿ. ಅದರ ಬಾಯಿಗೆ ಒಂದು ಚಪ್ಪಟೆ ಕಲ್ಲು. ಕಲ್ಲನ್ನು ಬೆರಳಗಲ ಸರಿಸಿದರೆ ಕಾವು ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಏರುವುದು ಜಲ್ದಿ, ಇಳಿಯುವುದು ನಿಧಾನ. ಆದ್ದರಿಂದ ಕಲ್ಲು ಸರಿಸಿದ ಮೇಲೆ ಒಂದು ಕುರಿ ಹಾಲು ಹಿಂಡುವಷ್ಟು ಹೊತ್ತು ಕಾಯಬೇಕು, ಮತ್ತೆ ಮುಟ್ಟಬಾರದು.

ಕಾವು ಎಷ್ಟಿದೆ ಎಂದು ನೋಡುವುದಕ್ಕೆ ಅತ್ತೆ ಒಂದು ಪದ್ಯ ಕಲಿಸಿದ್ದಳು. ಅತ್ತೆಯ ತಂದೆ ಕುರಿ ಕಾಯುತ್ತ ಕಟ್ಟಿದ್ದು. ವಾಡೆಯ ಬಾಯಿಗೆ ಮುಚ್ಚಿದ ಹಂಚಿನ ನಡುವೆ ಒಂದು ತೂತು. ಅದರ ಮೇಲೆ ಗೇಣು ಎತ್ತರದಲ್ಲಿ ಬಲಗೈ ಒಡ್ಡಿ, ರಾಗ ಎಳೆದು, ಪದ್ಯ ಹೇಳಬೇಕು.

ಅಲ್ಲಿಹೆ ಇಲ್ಲಿಹೆ
ಎಲ್ಲರ ಕಾಯುವ
ಬಲ್ಲಿದ ಲಿಂಗವೆ ಕೇಳಯ್ಯಾ
ಹುಲ್ಲಲಿ ಮಳೆಯಲಿ
ಕಲ್ಲಲಿ ಬಿಸಿಲಲಿ
ಮೆಲ್ಲನೆ ಹಿಂಡನು ನಡೆಸಯ್ಯಾ

ಮೂರನೆಯ ಸಾಲಿಗೇ ಕೈ ಎದ್ದರೆ ಬೆಂಕಿ ಜಾಸ್ತಿ. ಆರೂ ಸಾಲು ಮುಗಿದರೂ ಕೈ ಅಲ್ಲೇ ಇದ್ದರೆ ಕಡಿಮೆ. ಐದನೆಯ ಸಾಲಿನ ಕೊನೆಗೆ ಕೈ ತಾನಾಗಿ ಏಳಬೇಕು. "ಹೊಗಿ ನೋಡಿ ನಂಬಬ್ಯಾಡ, ಮೂಗು ನಂಬಬ್ಯಾಡ. ಮೂಗಿಗಿ ರೂಢಿ ಆಗಿಬಿಡ್ತೈತಿ. ಕೈ ನಂಬು" ಎಂದಿದ್ದಳು ಅತ್ತೆ. ಚಿಕ್ಕಂದಿನಿಂದ ಗುಡಿಯ ಕಂಬಕ್ಕೆ ಒರಗಿ, ಪುರಾಣ ಓದುವವರ ಬಾಯನ್ನೇ ನೋಡುತ್ತ ಬೆಳೆದ ಜಂಬಮ್ಮನಿಗೆ ಅದನ್ನು ಕಲಿಯಲು ಒಂದು ದಿನವೂ ಬೇಕಾಗಿರಲಿಲ್ಲ.

ಆ ಶುಕ್ರವಾರ ಲಾಲಪ್ಪನ ಟಗರಿನ ಸರದಿ. ಲಾಲಪ್ಪ ಅವಳ ಗಂಡ ಭೀಮಲಿಂಗಪ್ಪನ ಚಿಕ್ಕಪ್ಪನ ಮಗ. ಗುರುವಾರವೇ ಮೂರೂ ಟಗರು ಕೊಯ್ದಾಗಿತ್ತು. ಜಂಬಮ್ಮ ತಾನೇ ಕೂತು ಮಾಂಸವನ್ನೆಲ್ಲ ಎಳೆ ಎಳೆಯಾಗಿ ಸೀಳಿ, ಉಪ್ಪು ಅರಿಶಿನ ತಿಕ್ಕಿ ಮೂರು ಮಡಕೆಯಲ್ಲಿ ತುಂಬಿದ್ದಳು. ಬೆಳಗಾಗುತ್ತಲೇ ಕೆಂಡ ಇಟ್ಟು, ಹಂಚು ಮುಚ್ಚಿ, ಕಾದು, ಕೈ ಒಡ್ಡಿ ಪದ್ಯ ಹೇಳಿದಳು. ಪದ್ಯ ಮುಗಿಯಿತು. ಕೈ ಅಲ್ಲೇ ಇತ್ತು.

ಹಸಿ ಗಾಳಿಗೆ ಇದ್ದಿಲು ಥಂಡಿ ಹಿಡಿದಿರಬೇಕು ಎಂದುಕೊಂಡಳು. ಕಲ್ಲನ್ನು ಬೆರಳಗಲ ಸರಿಸಿ ಕಾದಳು. ಮತ್ತೆ ಪದ್ಯ. ಮತ್ತೆ ಆರೂ ಸಾಲು ಮುಗಿದವು. ಕಲ್ಲನ್ನು ಅರ್ಧ ಸರಿಸಿದಳು. ಹೊಗೆ ತೆಳ್ಳಗಾಗಿ ನೀಲಿಗೆ ತಿರುಗಿತ್ತು. ಅದನ್ನು ನೋಡಿದಳು, ಆದರೆ ಹೊಗೆಯನ್ನು ನಂಬಬಾರದು. ಮೂರನೆಯ ಸಲ ಪದ್ಯ ಹೇಳಿ, ಕೈ ಇನ್ನೂ ಅಲ್ಲೇ ಇದೆಯೆಂದು, ನಿಲ್ಲಿಸದೆ ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಅದೂ ಮುಗಿಯಿತು. ಆಗ, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದಳು. ಇದ್ದಿಲಿನ ಇನ್ನೊಂದು ತುದಿಗೂ ಕೆಂಡ ಇಟ್ಟಳು.

ಸೊಸೆ ಉಚ್ಚಮ್ಮ ಕಂಕುಳಲ್ಲಿ ಕೂಸು ಎತ್ತಿಕೊಂಡು ಹಿತ್ತಲಿಗೆ ಬಂದಳು. ದೇವನಕೊಂಡದ ಕಡೆಯ ಹುಡುಗಿ, ಮಾತಿನ ನಡುವೆ ತೆಲುಗು ಬರುತ್ತಿತ್ತು.

"ಏಮತ್ತಾ, ಏನೋ ಸುಟ್ಟ ವಾಸನಿ ಬರ್ತೈತಲ್ಲ?"

"ಬೆಂಕಿ ಇನ್ನಾ ಹತ್ತೇ ಇಲ್ಲ" ಎಂದಳು ಜಂಬಮ್ಮ.

"ಹತ್ತಿಲ್ಲಾ? ಇಲ್ಲಿಗೇ ಝಳ ಹೊಡೀತೈತಿ, ನೋಡು."

ಜಂಬಮ್ಮ ಹಂಚು ತೆಗೆದಳು. ಕೊಬ್ಬು ಕೆಳಗೆ ತೊಟ್ಟಿಕ್ಕಿ ಉರಿ ಎದ್ದಿತ್ತು. ನೀರಿನ ಮಡಕೆ ಬತ್ತಿ ಒಡೆದಿತ್ತು. ಕೆಳಗಿನ ಸಾಲಿನ ಖಂಡವೆಲ್ಲ ಕಪ್ಪಾಗಿ ಮುರುಟಿಕೊಂಡಿತ್ತು. ಉಚ್ಚಮ್ಮ ಕೂಸನ್ನು ಕೆಳಗಿಳಿಸಿ, ಓಡಿ ಹೋಗಿ ಬೂದಿ ತಂದು ಸುರಿದಳು. ಜಂಬಮ್ಮ ಹಂಚು ಹಿಡಿದುಕೊಂಡೇ ನಿಂತಿದ್ದಳು.

ಸುದ್ದಿ ತಿಳಿದು ಲಾಲಪ್ಪ ಬಂದ. ಒಂದು ಎಳೆ ಎತ್ತಿ, ಎರಡು ಬೆರಳಲ್ಲಿ ಮುರಿದು ನೋಡಿದ.

"ಏನ್ ಅತ್ತಿಗಿ, ಖಂಡ ಮಾಡಂತ ಕೊಟ್ರ ಇಜ್ಜಲಿ ಮಾಡೀಯಲ್ಲ. ಇದನ್ನ ತಿನ್ನಬೇಕೋ, ಹಲ್ಲು ತಿಕ್ಕಬೇಕೋ?"

"ತೂಕಡಿಸಿದೆ ಲಾಲಪ್ಪ" ಎಂದಳು ಜಂಬಮ್ಮ. "ನಮ್ಮ ಟಗರಿನ ಖಂಡ ನೀನು ತಗೋ."

"ನೀನು ತೂಕಡಿಸಿದಿ? ನಮ್ಮಣ್ಣನ್ನ ಕಟಗೊಂಡು ಇಷ್ಟು ವರ್ಷ ಎಚ್ಚರ ಇದ್ದಾಕಿ, ಇವತ್ತು ತೂಕಡಿಸಿದಿ?" ಲಾಲಪ್ಪ ನಕ್ಕ. "ಇರಲಿ ಬಿಡು. ಮ್ಯಾಲಿನದು ಚೊಲೋ ಐತಿ. ಎಂಟು ಮಂದ್ಯಾಗ ಹಂಚಿಕೊಂಡು ತಿಂದ್ರ ಯಾರಿಗೂ ಗೊತ್ತಾಗಂಗಿಲ್ಲ."

ಅವನು ಹೋದ ಮೇಲೆ ಜಂಬಮ್ಮ ಕೈ ತೊಳೆಯಲು ಹೋದಳು. ಬಲಗೈಯ ಅಂಗೈ ಅಂಚಿನಲ್ಲಿ, ಕಿರುಬೆರಳಿನ ಕೆಳಗೆ, ನೀರು ತುಂಬಿದ ದೊಡ್ಡ ಬೊಬ್ಬೆ ಎದ್ದಿತ್ತು. ಅದು ಯಾವಾಗ ಎದ್ದಿತು ಎಂದು ಅವಳಿಗೆ ಗೊತ್ತಿರಲಿಲ್ಲ. ಅದರ ಮೇಲೆ ನೀರು ಬಿದ್ದದ್ದೂ ತಿಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ, ಕಂಬಳಿ ಹೊಲಿಯುವ ದಬ್ಬಣ ತೆಗೆದುಕೊಂಡು ಕೋಣೆಯಲ್ಲಿ ಒಬ್ಬಳೇ ಕೂತಳು. ಕಿರುಬೆರಳಿಗೆ ಚುಚ್ಚಿದಳು. ಏನೂ ಇಲ್ಲ. ಪಕ್ಕದ ಬೆರಳಿಗೆ ಚುಚ್ಚಿದಳು. ಅಂಗೈ ಅಂಚಿಗೆ, ಮಣಿಕಟ್ಟಿಗೆ. ರಕ್ತದ ಸಣ್ಣ ಹನಿಗಳು ಬಂದವು, ನೋವು ಬರಲಿಲ್ಲ. ತೋಳಿನ ಸೆರಗು ಸರಿಸಿದಳು. ಮೊಣಕೈ ಕೆಳಗೆ ಯುಗಾದಿಯಿಂದಲೂ ಒಂದು ಮಾಸಲು ಬಣ್ಣದ ಮಚ್ಚೆ ಇತ್ತು. ಹುಳಕಡ್ಡಿ ಎಂದುಕೊಂಡು ಬೇವಿನೆಣ್ಣೆ ಹಚ್ಚುತ್ತಿದ್ದಳು. ಅಲ್ಲಿಯೂ ದಬ್ಬಣ ಚುಚ್ಚಿದಳು. ನಂತರ ದಬ್ಬಣವನ್ನು ಒರೆಸಿ ಗೂಡಿನಲ್ಲಿಟ್ಟಳು.

ಇದು ಯಾವ ರೋಗವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಳ್ಳದ ಆಚೆ ದಡದಲ್ಲಿ ನಾಗಣ್ಣ ಇದ್ದ. ಭೀಮಲಿಂಗಪ್ಪನಿಗೆ ದಾಯಾದಿ ಅಣ್ಣ. ಆರು ವರ್ಷದ ಹಿಂದೆ ಅವನ ಬೆರಳು ಮಡಚಿಕೊಂಡಾಗ ಹಿರಿಯರು ಕೂತು ಮಾತಾಡಿ, ಅಲ್ಲೊಂದು ಗುಡಿಸಲು ಹಾಕಿಸಿಕೊಟ್ಟರು. ಮನೆಗೊಂದು ದಿನ ಸರದಿಯ ಮೇಲೆ ಅವನಿಗೆ ಊಟ. ತಮ್ಮ ಸರದಿಯ ದಿನ ಜಂಬಮ್ಮನೇ ಹೋಗುತ್ತಿದ್ದಳು. ಅವನು ತಟ್ಟೆಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಇವಳು ಮಾರುದ್ದ ದೂರ ನಿಂತು, ಮೇಲಿನಿಂದ ಅಂಬಲಿ ಸುರಿದು, ರೊಟ್ಟಿ ಹಾಕಿ ಬರುತ್ತಿದ್ದಳು. ಅವನು ಏನಾದರೂ ಮಾತಾಡಿದರೆ ಹೂಂ ಎನ್ನುತ್ತಿದ್ದಳು. ಆರು ವರ್ಷದಲ್ಲಿ ತಾನಾಗಿ ಒಂದು ಮಾತು ಕೇಳಿದ್ದು ಅವಳಿಗೆ ನೆನಪಿಗೆ ಬರಲಿಲ್ಲ.

ಆ ಗುಡಿಸಲ ಪಕ್ಕ ಇನ್ನೊಂದು ಗುಡಿಸಲು ಹಾಕುವಷ್ಟು ಜಾಗವಿದೆ. ಅದನ್ನು ಅವಳು ಹೆದರಿಕೆಯಿಂದ ಯೋಚಿಸಲಿಲ್ಲ. ಹಿತ್ತಲಲ್ಲಿ ಒಲೆಗೆ ಜಾಗ ನೋಡುವ ಹಾಗೆ ಯೋಚಿಸಿದಳು. ಅಷ್ಟು ಹೊತ್ತಿಗೆ ಕೂಸು ತೆವಳಿಕೊಂಡು ಬಂದು ಅವಳ ತೊಡೆ ಹತ್ತಿತು. ಬಲಗೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ಎಡಗೈಯಲ್ಲಿ ಅದನ್ನು ಇಳಿಸಿದಳು. ಅದು ಮತ್ತೆ ಹತ್ತಿತು.

ಶನಿವಾರ ಬೆಳಿಗ್ಗೆ ಎರಡನೆಯ ಟಗರಿನ ಖಂಡ ತೂಗುಹಾಕಿ, ಕೆಂಡ ಇಟ್ಟು, ಹಂಚು ಮುಚ್ಚಿದಳು. ಬಲಗೈಯಿಂದ ಪ್ರಯೋಜನವಿಲ್ಲ. ಎಡಗೈ ಒಡ್ಡಿದಳು. ಕಾವು ತಿಳಿಯಿತು. ಚೆನ್ನಾಗಿಯೇ ತಿಳಿಯಿತು. ಆದರೆ "ಅಲ್ಲಿಹೆ ಇಲ್ಲಿಹೆ" ಎಂದು ಬಾಯಿ ತೆಗೆದವಳಿಗೆ ಎರಡನೆಯ ಸಾಲು ಬರಲಿಲ್ಲ. ದೇವರ ಹೆಸರು ಹೇಳುತ್ತ ಎಡಗೈ ಚಾಚುವುದು. ಅದೂ ಅನ್ನದ ಮೇಲೆ. ಹುಟ್ಟಿದಂದಿನಿಂದ ಎಡಗೈಯಲ್ಲಿ ಯಾರಿಗೂ ಒಂದು ಹರಳು ಉಪ್ಪು ಕೊಟ್ಟವಳಲ್ಲ. ಪದ್ಯವಿಲ್ಲದೆ ಒಂದು ಎರಡು ಎಂದು ಎಣಿಸಿ ನೋಡಿದಳು. ಆದರೆ ಎಷ್ಟಕ್ಕೆ ಕೈ ಏಳಬೇಕೆಂದು ಎಣಿಕೆಗೆ ಗೊತ್ತಿರಲಿಲ್ಲ. ಕೊನೆಗೆ ಬಲಗೈಯನ್ನು ಎದೆಗೆ ಒತ್ತಿ ಹಿಡಿದು, ಎಡಗೈ ಒಡ್ಡಿ, ಕಣ್ಣು ಮುಚ್ಚಿ, ತುಟಿಯಲ್ಲೇ ಪದ್ಯ ಹೇಳಿದಳು. ಐದನೆಯ ಸಾಲಿಗೆ ಕೈ ಎದ್ದಿತು.

ಕಣ್ಣು ಬಿಟ್ಟಾಗ ಉಚ್ಚಮ್ಮ ಹೊಟ್ಟಿನ ಬುಟ್ಟಿ ಹಿಡಿದು ಎದುರಿಗೆ ನಿಂತಿದ್ದಳು.

"ದೇವರ ಪದ್ಯಕ್ಕ ಎಡಗೈ ಎದಕ ಅತ್ತಿ?"

"ಬಲಗೈ ನಿನ್ನೆ ಸುಟ್ಟೈತಿ."

"ತೋರ್ಸು."

"ಏನಿಲ್ಲ, ಬೊಬ್ಬಿ."

ಉಚ್ಚಮ್ಮ ಬುಟ್ಟಿ ಕೆಳಗಿಟ್ಟು ಅವಳ ಕೈ ಎಳೆದುಕೊಂಡಳು. ಬೊಬ್ಬೆಯನ್ನು ನೋಡಿದಳು, ದಬ್ಬಣದ ಗುರುತುಗಳನ್ನು ನೋಡಿದಳು. ಹೆಬ್ಬೆರಳಿನ ಉಗುರಿನಿಂದ ಬೊಬ್ಬೆಯ ಅಂಚನ್ನು ಒತ್ತಿದಳು. ಅತ್ತೆಯ ಮುಖ ನೋಡುತ್ತ ಇನ್ನೂ ಒತ್ತಿದಳು. ನೀರು ಒಡೆದು ಸೋರಿತು. ಜಂಬಮ್ಮ ಅದನ್ನು ಬೇರೆಯವರ ಕೈ ನೋಡುವ ಹಾಗೆ ನೋಡುತ್ತಿದ್ದಳು.

ಉಚ್ಚಮ್ಮ ಕೈ ಬಿಟ್ಟಳು. ಸೀರೆಗೆ ತನ್ನ ಬೆರಳು ಒರೆಸಿಕೊಂಡಳು. ಆಮೇಲೆ ಒರೆಸಿಕೊಂಡದ್ದು ಅತ್ತೆಗೆ ಕಂಡಿತೆಂದು ತಿಳಿದು ನಿಲ್ಲಿಸಿದಳು.

"ಯಾವಾಗಿಂದ?"

"ಮಚ್ಚಿ ಯುಗಾದಿಯಿಂದ. ಕೈ ನಿನ್ನೆ ಗೊತ್ತಾತು."

"ಗುರುವಾರ ಖಂಡ ಎಲ್ಲಾ ನೀನೇ ಸೀಳಿದಿ."

"ಹೂಂ."

"ಎಂಟು ಮಂದಿ ತಿಂತಾರ ಅತ್ತಿ. ಅದರಾಗ ಒಬ್ಬ ನನ್ನ ಗಂಡ."

"ನನ್ನ ಮಗ" ಎಂದಳು ಜಂಬಮ್ಮ. ಆದೆಪ್ಪ ಅವಳಿಗೆ ಒಬ್ಬನೇ ಮಗ.

ಉಚ್ಚಮ್ಮ ವಾಡೆಯ ಹೊಗೆಯನ್ನು ನೋಡಿದಳು. "ನಮ್ಮ ದೊಡ್ಡವ್ವಗೂ ಹಿಂಗೇ ಆಗಿತ್ತು" ಎಂದಳು. "ಆದವಾನಿ ದವಾಖಾನ್ಯಾಗ ಈಗ ಬಿಳಿ ಮಾತ್ರಿ ಕೊಡ್ತಾರ. ವರ್ಷಗಟ್ಲೆ ನುಂಗಬೇಕಂತ. ಆಕಿ ಮನ್ಯಾಗೇ ಅದಾಳ. ತಾಟು ಬ್ಯಾರೆ, ಹಾಸಿಗಿ ಬ್ಯಾರೆ. ಅಷ್ಟೇ." ಕೂಸು ಒಳಗೆ ಅತ್ತಿತು. ಅವಳು ಆ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿದಳು. "ಸೋಮವಾರ ಹೊಂಡೋದ್ರಾಗ ಮಾವಗ ನೀನೇ ಹೇಳು. ನೀ ಹೇಳಲಿಲ್ಲಂದ್ರ ನಾ ಹೇಳ್ತೀನಿ. ಆಮ್ಯಾಲೆ ನನ್ನ ಬೈಬ್ಯಾಡ."

"ನಾಗಣ್ಣನ ಹಂತ್ಯಾಕ ಕಳಸ್ತಾರ" ಎಂದಳು ಜಂಬಮ್ಮ.

ಉಚ್ಚಮ್ಮ ಕೂಸಿಗೆ ಹಾಲೂಡಿಸಿ ಮಲಗಿಸಿ ಬಂದು, ಅತ್ತೆಯನ್ನು ವಾಡೆಯಿಂದ ಆಚೆ ಸರಿಯಲು ಹೇಳಿದಳು. ಹಂಚಿನ ತೂತಿನ ಮೇಲೆ ತನ್ನ ಬಲಗೈ ಒಡ್ಡಿ ನಿಂತಳು.

"ಹೂಂ. ಹೇಳು."

ಜಂಬಮ್ಮ ಮಾರುದ್ದ ದೂರದಲ್ಲಿ ಕಲ್ಲಿನ ಮೇಲೆ ಕೂತು ಪದ್ಯ ಹೇಳಿದಳು. ಮೂರನೆಯ ಸಾಲಿಗೆ ಉಚ್ಚಮ್ಮನ ಕೈ ಎದ್ದಿತು.

"ಅಬ್ಬಾ, ಜಾಸ್ತಿ ಆಗೈತಿ. ಕಲ್ಲು ಮುಚ್ಚಲೇನು?"

"ಮುಚ್ಚಬ್ಯಾಡ. ಈಗ ನನ್ನ ಎಡಗೈಗಿ ಐದಕ್ಕ ಎದ್ದಿತ್ತು. ಬೆಂಕಿ ಸರಿ ಐತಿ. ನಿನ್ನ ಕೈ ಹೊಸದು, ಅಂಜತೈತಿ. ಇನ್ನೊಮ್ಮಿ ಒಡ್ಡು."

ಮತ್ತೆ ಹೇಳಿದಳು. ಈ ಸಲ ನಾಲ್ಕನೆಯ ಸಾಲಿನ ನಡುವೆ ಎದ್ದಿತು. ಮೂರನೆಯ ಸಲ ನಾಲ್ಕನೆಯದರ ಕೊನೆಗೆ. ನಾಲ್ಕನೆಯ ಸಲವೂ ಅಲ್ಲಿಗೇ.

"ನಿನಗ ನಾಲ್ಕನೇ ಸಾಲು" ಎಂದಳು ಜಂಬಮ್ಮ. "ನಾಲ್ಕಕ್ಕ ಎದ್ರ ಬಿಡು. ಮೂರಕ್ಕ ಎದ್ರ ಕಲ್ಲು ಒಂದು ಬೆರಳು ಮುಚ್ಚು, ಮುಚ್ಚಿ ಕಾಯಿ."

"ಇಷ್ಟು ಎಳೀತಿಯಲ್ಲ ರಾಗಾನ. ಕೊಂಚೆಂ ಜಲ್ದಿ ಹೇಳಬಾರದಾ?"

"ಜಲ್ದಿ ಹೇಳಿದ್ರ ಬೆಂಕಿ ಜಾಸ್ತಿ ಇಡ್ತಿ."

ಉಚ್ಚಮ್ಮನಿಗೆ ನಗು ಬಂದಿತ್ತು, ನಗಲಿಲ್ಲ. ಆ ದಿನ ಸಂಜೆಯ ತನಕ, ಮರುದಿನ ಭಾನುವಾರ ಮೂರನೆಯ ಟಗರಿಗೂ, ಹಾಗೆಯೇ ನಡೆಯಿತು. ಒಬ್ಬಳು ದೂರ ಕೂತು ಹೇಳುವುದು, ಒಬ್ಬಳು ಕೈ ಒಡ್ಡುವುದು. ಪದ್ಯ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಮೊದಲೆಲ್ಲ ಲಿಂಗವೆ ಎನ್ನುವಾಗ ಅವಳ ಕಣ್ಣಿಗೆ ಗುಡಿಯ ದೀಪ ಕಾಣುತ್ತಿತ್ತು. ಆ ಎರಡು ದಿನ ಏನೂ ಕಾಣಲಿಲ್ಲ. ಬಾಯಿ ಹೇಳಿತು, ಅಷ್ಟೇ. ಖಂಡ ಮಾತ್ರ ಚೆನ್ನಾಗಿ ಬಂದಿತ್ತು. ಕೆಂಪಗೆ, ಬಗ್ಗಿಸಿದರೆ ಬಗ್ಗುವ ಹಾಗೆ, ಒಳಗೆ ಒಂದು ಹನಿ ನೀರಿಲ್ಲದ ಹಾಗೆ.

ಭಾನುವಾರ ಹೊತ್ತು ಇಳಿಯುವ ಮುಂಚೆ ಉಚ್ಚಮ್ಮ ಮೂರು ಕಂಬಳಿ ಚೀಲಗಳಲ್ಲಿ ಖಂಡ ತುಂಬಿ ಬಾಯಿ ಕಟ್ಟಿದಳು. ಚೀಲ ಕುರಿಹಟ್ಟಿಗೆ ಹೊತ್ತುಕೊಂಡು ಹೋಗಿ ಇಳಿಸಿ, ಜೊತೆಗೆ ಬಂದಿದ್ದ ಅತ್ತೆಯ ಮುಖ ಒಮ್ಮೆ ನೋಡಿ, ಮನೆಗೆ ಹೋದಳು. ಭೀಮಲಿಂಗಪ್ಪ ಅಲ್ಲಿ ಒಂದು ಕುರಿಯನ್ನು ಕಾಲ ನಡುವೆ ಹಿಡಿದು ಗೊರಸು ಕೊಯ್ಯುತ್ತಿದ್ದ.

"ನಿಮಗೊಂದು ಮಾತು ಹೇಳಬೇಕ್ರಿ" ಎಂದಳು ಜಂಬಮ್ಮ.

"ಹೇಳು."

"ನನ್ನ ಬಲಗೈಗಿ ಏನೂ ತಿಳಿಯಂಗಿಲ್ಲ. ಸುಟ್ರೂ ತಿಳಿಯಂಗಿಲ್ಲ. ತೋಳಿನ ಮ್ಯಾಲೆ ಮಚ್ಚಿ ಐತಿ. ಶುಕ್ರವಾರ ಖಂಡ ಸುಟ್ಟಿದ್ದು ಅದಕ್ಕ, ತೂಕಡಿಸಿದ್ದಲ್ಲ." ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಭೀಮಲಿಂಗಪ್ಪ ಕೈಯಲ್ಲಿದ್ದ ಗೊರಸನ್ನು ಪೂರ್ತಿ ಕೊಯ್ದು ಮುಗಿಸಿದ. ಕುರಿಯನ್ನು ಬಿಟ್ಟ. ಎದ್ದು ಬಂದು, ಅವಳ ಕೈ ಹಿಡಿದು, ಬೇಲಿಯ ಜಾಲಿಮುಳ್ಳು ಒಂದನ್ನು ಮುರಿದು ಚುಚ್ಚಿದ.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಅಲ್ಲಿ ಗೊತ್ತಾಗತೈತಿ."

"ನಾಗಣ್ಣಂದ?"

"ಅದೇ ಇರಬೇಕು. ಮೂರೂ ಟಗರು ಇದೇ ಕೈಲಿ ಸೀಳೀನಿ. ಉಪ್ಪು ಹಚ್ಚೀನಿ. ತಿನ್ನೋದು ಬಿಡೋದು ನಿಮಗ ಬಿಟ್ಟಿದ್ದು."

ಅವನು ಮುಳ್ಳನ್ನು ಬೇಲಿಯಾಚೆ ಎಸೆದ. ಆಮೇಲೆ ಬಗ್ಗಿ ಒಂದು ಚೀಲದ ಬಾಯಿ ಬಿಚ್ಚಿ, ಒಂದು ಎಳೆ ತೆಗೆದು, ಅವಳ ಎದುರಿಗೇ ಅಗಿಯತೊಡಗಿದ. ಅವನ ಹಲ್ಲು ಸವೆದಿದ್ದವು, ಅಗಿಯಲು ಹೊತ್ತಾಗುತ್ತಿತ್ತು. ನುಂಗಿದ ಮೇಲೆ, "ಚೊಲೋ ಆಗೈತಿ" ಎಂದು ಇನ್ನೊಂದು ಎಳೆ ಬಾಯಿಗೆ ಹಾಕಿಕೊಂಡ.

ಅಷ್ಟರಲ್ಲಿ ಲಾಲಪ್ಪ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. "ಏನಣ್ಣ, ಹೊಂಡೋಕಿಂತ ಮೊದಲೇ ಬುತ್ತಿ ಖಾಲಿ ಮಾಡ್ತೀಯ" ಎಂದು ಚೀಲಕ್ಕೆ ಕೈ ಹಾಕಿ ಒಂದು ಎಳೆ ತೆಗೆದುಕೊಂಡ. ಭೀಮಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಸುಮ್ಮನಿರು ಎನ್ನುವ ಹಾಗಿತ್ತು ಆ ನೋಟ. ಸುಮ್ಮನಿದ್ದರೆ ನಡೆಯುತ್ತಿತ್ತು. ಬೆಳಗಾದರೆ ಅವರು ಹೊರಟು ಹೋಗುತ್ತಾರೆ, ಎರಡು ತಿಂಗಳು ಯಾರಿಗೂ ತಿಳಿಯುವುದಿಲ್ಲ.

"ಲಾಲಪ್ಪ, ತಿನ್ನಬ್ಯಾಡ, ನಿಲ್ಲು" ಎಂದಳು ಜಂಬಮ್ಮ. ಗಂಡನಿಗೆ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ, ಅವನಿಗೂ ಹೇಳಿದಳು.

ಲಾಲಪ್ಪನ ಕೈಯಲ್ಲಿದ್ದ ಎಳೆ ಬಾಯಿಯ ಹತ್ತಿರ ನಿಂತಿತು. ಅವನು ಅದನ್ನು ನೋಡಿದ, ಭೀಮಲಿಂಗಪ್ಪ ಅಗಿಯುವುದನ್ನು ನೋಡಿದ. ಎಳೆಯನ್ನು ಮೆಲ್ಲಗೆ ಚೀಲದೊಳಗೆ ಇಟ್ಟ.

"ಆಮ್ಯಾಲೆ ತಿಂತೀನಿ ಬಿಡು ಅತ್ತಿಗಿ" ಎಂದ. ಹಗ್ಗವನ್ನು ಅಲ್ಲೇ ಮರೆತು ಹೋದ.

ದೀಪ ಹಚ್ಚುವುದರೊಳಗೆ ಮೂರೂ ಮನೆಗೆ ತಿಳಿಯಿತು. ಲಾಲಪ್ಪನ ಹೆಂಡತಿ ತಮ್ಮವರಿಗೆ ಬೇರೆ ರೊಟ್ಟಿ, ಬೇರೆ ಸೇಂಗಾ ಚಟ್ನಿ ಕಟ್ಟಲು ಕೂತಳು. ಮೂರನೆಯ ಮನೆಯವರೂ ತಮ್ಮ ಪಾಲಿನ ಚೀಲ ಬೇಡ ಎಂದು ಹೇಳಿ ಕಳಿಸಿದರು. ಸೋಮವಾರ ನಸುಕಿನಲ್ಲಿ, ಹಿಂಡು ಹೊರಡುವ ಮುಂಚೆ, ಹಿರಿಯರಿಬ್ಬರು ಹಟ್ಟಿಗೆ ಬಂದು ನಿಂತರು. ಜಂಬಮ್ಮ ಬೇಲಿಯ ಹೊರಗೆ ನಿಂತು ಕೇಳಿಸಿಕೊಂಡಳು.

"ಭೀಮಲಿಂಗಪ್ಪ, 'ಆಚಿ ದಡದಾಗ ಇನ್ನೊಂದು ಗುಡಿಸಲ' ಅಂತ ಮಂದಿ ಅನ್ನಾಕ ಹತ್ಯಾರ. ನೀ ಏನಂತಿ?"

ಭೀಮಲಿಂಗಪ್ಪ ಮೂರೂ ಚೀಲಗಳನ್ನು ಕತ್ತೆಯ ಮೇಲೆ ಬಿಗಿಯುತ್ತಿದ್ದ. ಗಂಟು ಹಾಕಿ ಮುಗಿಸಿ ಹೇಳಿದ. "ನಾನು, ಆದೆಪ್ಪ ಇದನ್ನ ತಿಂತೀವಿ. ಎರಡು ತಿಂಗಳು. ಬಂದ ಮ್ಯಾಲೆ ನಮಗ ಏನಾಗೈತಿ ನೋಡ್ರಿ. ಆಮ್ಯಾಲೆ ಗುಡಿಸಲ ಮಾತು ಆಡ್ರಿ. ಅಲ್ಲೀತನ ಆಕಿ ನಮ್ಮ ಪಡಸಾಲ್ಯಾಗ ಇರ್ತಾಳ. ತಾಟು ಬ್ಯಾರೆ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಗಲಿ ಎಂದರು.

ಪ್ರತಿ ವರ್ಷ ಹಿಂಡಿನ ಮುಂದೆ ನಡೆಯುವ ಟಗರಿನ ಹಣೆಗೆ, ಹೊರಡುವವರ ಹಣೆಗೆ ಅರಿಶಿನದ ಭಂಡಾರ ಹಚ್ಚುತ್ತಿದ್ದವಳು ಜಂಬಮ್ಮ. ಆ ದಿನ ಬಟ್ಟಲು ಹಿಡಿದು ಉಚ್ಚಮ್ಮ ಬಂದಳು. ಆದೆಪ್ಪ ಭಂಡಾರ ಹಚ್ಚಿಸಿಕೊಂಡು, ತಾಯಿಯ ಹತ್ತಿರ ಬಂದು, ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದೆ ಸರಿದಳು. ಅವನು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಹಿಂಡು ಹಳ್ಳದ ದಿಕ್ಕಿಗೆ ಇಳಿದು, ದೂಳಿನಲ್ಲಿ ಕರಗಿತು. ಭೀಮಲಿಂಗಪ್ಪ ತಿರುಗಿ ನೋಡುವವನಲ್ಲ. ಅಂದೂ ನೋಡಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ಉಚ್ಚಮ್ಮ ಒಂದು ಕಂಬಳಿ ಹಾಸಿದ್ದಳು. ಪಕ್ಕದಲ್ಲಿ ಒಂದು ತಟ್ಟೆ, ಒಂದು ಚೊಂಬು. ಜಂಬಮ್ಮ ಹೋಗಿ ಅದರ ಮೇಲೆ ಕೂತಳು. ಅಳು ಬರಬಹುದೇ ಎಂದು ಕಾದು ನೋಡಿದಳು. ಬರಲಿಲ್ಲ. ಮಧ್ಯಾಹ್ನ ಉಚ್ಚಮ್ಮ ಊಟ ತಂದಳು. ಜಂಬಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿ ತಾನು ಗೋಡೆಗೆ ಸರಿದಳು, ನಾಗಣ್ಣ ಸರಿಯುತ್ತಿದ್ದ ಹಾಗೆ. ಉಚ್ಚಮ್ಮ ಒಂದು ಗಳಿಗೆ ನಿಂತು, ಬಗ್ಗಿ, ತಟ್ಟೆಯ ಅಂಚನ್ನು ಹಿಡಿದುಕೊಂಡೇ ಅಂಬಲಿ ಬಡಿಸಿದಳು.

ಮಂಗಳವಾರ ದವಾಖಾನೆಗೆಂದು ಇಬ್ಬರೂ ಆದವಾನಿಯ ಬಸ್ಸು ಹತ್ತಿದರು. ಹತ್ತಿಯ ಸುಗ್ಗಿ, ಒಳಗೆಲ್ಲ ಮಂಡಿಗೆ ಹೋಗುವ ಜನ, ಗಂಟು ಮೂಟೆ. ಇಬ್ಬರು ಕೂರುವ ಒಂದೇ ಜಾಗ ಉಳಿದಿತ್ತು. ಜಂಬಮ್ಮ ನಿಲ್ಲುತ್ತೇನೆ ಎಂದಳು.

"ಕೂತ್ಕೊ ಅತ್ತಿ. ಎಲ್ಲಾರೂ ನೋಡ್ತಾರ" ಎಂದಳು ಉಚ್ಚಮ್ಮ.

ಜಂಬಮ್ಮ ಅಂಚಿಗೆ ಕೂತು, ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಉಚ್ಚಮ್ಮ ಕೂಸನ್ನು ಕಿಟಕಿಯ ಕಡೆಯ ತೊಡೆಗೆ, ಅತ್ತೆಯ ಕೈಗೆ ನಿಲುಕದ ಹಾಗೆ ಕೂರಿಸಿಕೊಂಡು, ತಾನು ನಡುವೆ ಕೂತಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದಾಗ ಅವಳೇ ತೆಲುಗಿನಲ್ಲಿ ಹೇಳಿದಳು.

ಊರ ಹೊರಗಿನ ತಿರುವಿನಲ್ಲಿ ಬಸ್ಸು ವಾಲಿ, ಉಚ್ಚಮ್ಮನ ಭುಜ ಜಂಬಮ್ಮನ ಭುಜಕ್ಕೆ ಒತ್ತಿತು. ತಿರುವು ಮುಗಿದು ಬಸ್ಸು ನೆಟ್ಟಗಾಯಿತು. ಉಚ್ಚಮ್ಮ ಸರಿದು ಕೂರಲಿಲ್ಲ.